ಕರ್ನಲ್ ಆರಿಸಿದ ಬೂತ್

೨೦೦೫ನೇ ಇಸವಿ ಡಿಸೆಂಬರ್ ೧೦, ಶನಿವಾರ ಸಂಜೆ ಪಾಣೆಮಂಗಳೂರಿನ ಚಪ್ಪಲಿ ವ್ಯಾಪಾರಿ ಅಬ್ದುಲ್ಲ ಬಂಟ್ವಾಳದ ಠಾಣೆಯೊಂದಕ್ಕೆ ಬಂದು, ತನ್ನ ಮಗಳ ಫೋನನ್ನು ಯಾರೋ ಕದ್ದಿದ್ದಾರೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ ಪೆನ್ನಿನ ಕ್ಯಾಪ್ ತೆಗೆದು, ಯಾವ ಕಂಪನಿಯದು, ಬಣ್ಣ ಯಾವುದು, ಬಿಲ್ ಉಂಟೋ ಎಂದು ವಿಚಾರಿಸಿದ. ಕದ್ದದ್ದು ಫೋನಲ್ಲ, ಅದರಲ್ಲಿ ಬರಬೇಕಾದ ಮಾತು ಎಂದರು ಅಬ್ದುಲ್ಲ. ಡೊಂಬಯ್ಯ ಕ್ಯಾಪ್ ಹಾಕಿ ಇನ್ಸ್‌ಪೆಕ್ಟರ್ ತುಕ್ರಪ್ಪನವರ ಕೋಣೆಯ ಕಡೆ ಕೈ ತೋರಿಸಿದ.

ವಿಷಯ ಇಷ್ಟು. ಅಬ್ದುಲ್ಲರ ಮಗಳು ಶಾಹಿದಾಗೆ ಕನ್ಯಾನದ ಉನೈಸ್ ಜೊತೆ ಮದುವೆಯಾಗಿ ಮೂರು ತಿಂಗಳು. ಹುಡುಗ ಸೌದಿಯ ದಮ್ಮಾಮಿನ ಆಚೆ ಮರಳುಗಾಡಿನ ಒಂದು ಹೊಸ ಕ್ಯಾಂಪಿನಲ್ಲಿದ್ದ. ಅಲ್ಲಿಂದ ಶುಕ್ರವಾರ ಮಾತ್ರ ಇಂಟರ್‌ನೆಟ್ಟಿನ ಮೂಲಕ ಮಾತಾಡಲು ಸಾಧ್ಯ. ಇತ್ತ ಬಿ.ಸಿ. ರೋಡಿನಲ್ಲಿ ಬದ್ರುದ್ದೀನ್ ಎಂಬವರ ನೆಟ್ ಕಾಲ್ ಬೂತ್ ಉಂಟು. ಶಾಹಿದಾ ಮೂರು ಶುಕ್ರವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲಿ ಕೂತಳು. ಕರೆ ಬರಲಿಲ್ಲ. ಗಂಡ ಮರೆತ ಎಂದು ಅವಳು ಊಟ ಬಿಟ್ಟಳು. ಅಷ್ಟರಲ್ಲಿ ಶುಕ್ರವಾರ ರಾತ್ರಿಯ ವಿಮಾನದಲ್ಲಿ ರಜೆಗೆ ಬಂದ ಒಬ್ಬರ ಕೈಯಲ್ಲಿ ಉನೈಸ್ ತನ್ನ ತಾಯಿ ಖದೀಜರಿಗೆ ಹೇಳಿ ಕಳಿಸಿದ್ದು ಬೇರೆಯೇ ಮಾತು: ಮೂರು ವಾರದಿಂದ ಕರೆ ಮಾಡುತ್ತಿದ್ದೇನೆ, ಅವಳು ಬೂತಿಗೇ ಬರುವುದಿಲ್ಲ. ಬರುವ ಶುಕ್ರವಾರವೂ ಬರದಿದ್ದರೆ ಅವಳ ವೀಸಾದ ಕೆಲಸ ನಿಲ್ಲಿಸುತ್ತೇನೆ, ತವರಿನಲ್ಲೇ ಇರಲಿ.

"ಮಗಳು ಬರ್ಲಿಲ್ಲ ಅಂತ ಅವರು, ಕಾಲ್ ಬರ್ಲಿಲ್ಲ ಅಂತ ನಾವು," ಎಂದರು ಅಬ್ದುಲ್ಲ. "ಎರಡೂ ಮನೆಯಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ ಸಾರ್. ಮತ್ತೆ ನಡುವೆ ಯಾರು?"

ತುಕ್ರಪ್ಪನವರಿಗೆ ಹೆಣ್ಣುಮಗಳ ಸಂಸಾರದ ಪ್ರಶ್ನೆ ಎಂದು ಮನಸ್ಸು ಕರಗಿತು. ಆದರೆ ಎಫ್‌ಐಆರ್‌ಗೆ ಮನಸ್ಸು ಸಾಲದು, ಸೆಕ್ಷನ್ ಬೇಕು. ಬಾರದ ಮಾತಿಗೆ ಕಳ್ಳತನದ ಸೆಕ್ಷನ್ ಹಾಕಿದರೆ ನ್ಯಾಯಾಧೀಶರು ನಗುತ್ತಾರೆ. ಕೊನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ ನೆನಪಾಯಿತು. ಆ ಕಾಯ್ದೆಯ ತನಿಖೆ ದೊಡ್ಡ ಅಧಿಕಾರಿಯೇ ಮಾಡಬೇಕೆಂಬ ನಿಯಮವಿತ್ತು. ಮೇಲಿನ ಸಾಹೇಬರಿಗೆ ಫೋನ್ ಮಾಡಿದಾಗ, ಎಲ್ಲ ನೀನೇ ನೋಡಿ ಬರೆದು ತಾ, ಸಹಿ ಹಾಕ್ತೇನೆ ಎಂದರು. ಎಫ್‌ಐಆರ್ ದಾಖಲಾಯಿತು.

ಪ್ರಾಥಮಿಕ ವಿಚಾರಣೆಯ ಭಾರ ಡೊಂಬಯ್ಯನ ಮೇಲೆ ಬಿತ್ತು. ಅವನು ಮೂಡುಬಿದಿರೆಯ ಮುಖ್ಯ ಕಚೇರಿಯಲ್ಲಿದ್ದ ಬದ್ರುದ್ದೀನರಿಗೆ ಫೋನ್ ಮಾಡಿದ. ಗಲ್ಫಿನಲ್ಲಿ ಹತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿ ಬಂದ ಬದ್ರುದ್ದೀನ್ ಸಮಾಧಾನವಾಗಿ ವಿವರಿಸಿದರು: ನಮ್ಮ ಸಾಕೆಟ್ ಎಲ್ಲ ಸರಿ ಉಂಟು, ಯಾವ ಕರೆ ಯಾವ ಸಾಕೆಟ್ಟಿಗೆ ಎಂದು ಆರಿಸುವುದು ಕರ್ನಲ್, ಆ ಕರ್ನಲ್ ಈಚೆಗೆ ಬದಲಾಗಿದೆ, ಈಗ ಅದು ಮೊದಲಿಗಿಂತ ಚುರುಕು. ಡೊಂಬಯ್ಯ ಬರೆದುಕೊಳ್ಳುತ್ತಾ ಹೋದ. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವ ನಮ್ಮವರು ಕನ್ನಡ ಮಾತಾಡುವಾಗ ಅದು, ಅವರು ಎಂದು ಮುಗ್ಗರಿಸುವುದು ಅವನಿಗೆ ಹೊಸತಲ್ಲ. ಸೈನ್ಯದ ಅಧಿಕಾರಿಯನ್ನು 'ಅದು' ಎನ್ನುವುದು ಸರಿಯಲ್ಲ ಎಂದು, 'ಕರ್ನಲ್ ಸಾಹೇಬರು ಈಚೆಗೆ ಬದಲಾಗಿದ್ದಾರೆ, ಮೊದಲಿಗಿಂತ ಚುರುಕಾಗಿದ್ದಾರೆ' ಎಂದು ತಿದ್ದಿ ಬರೆದ.

ಎರಡು ತಾಲೂಕಿನಲ್ಲಿ ಅವನಿಗೆ ಗೊತ್ತಿದ್ದ ಕರ್ನಲ್ ಒಬ್ಬರೇ. ನಿವೃತ್ತರಾಗಿ ಮುಂಡಾಜೆಯಲ್ಲಿದ್ದರು. ಸೋಮವಾರ ಅವರನ್ನು ಜೀಪಿನಲ್ಲಿ ಕರೆತಂದ. ನಿವೃತ್ತಿಯ ನಂತರ ಸರಕಾರ ತನ್ನನ್ನು ನೆನೆಸಿದ್ದು ಇದೇ ಮೊದಲು ಎಂದು ಅವರು ಪದಕ ಧರಿಸಿ ಬಂದಿದ್ದರು. ಸಾಕೆಟ್ಟಿನ ವಿಷಯ ಎಂತ ಎಂದು ಡೊಂಬಯ್ಯ ಕೇಳಿದಾಗ ಅವರ ಮುಖ ಇಳಿಯಿತು. ಬಚ್ಚಲಿನ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಇಲ್ಲದೆ ತಾನೇ ಬದಲಾಯಿಸಿದ್ದು ನಿಜ, ಹೆಂಡತಿ ದೂರು ಕೊಡುವಳೆಂದು ಭಾವಿಸಿರಲಿಲ್ಲ ಎಂದು ತಪ್ಪೊಪ್ಪಿಕೊಂಡರು. ತುಕ್ರಪ್ಪ ಚಹಾ ತರಿಸಿ, ಕ್ಷಮೆ ಕೇಳಿ, ಅದೇ ಜೀಪಿನಲ್ಲಿ ಕಳಿಸಿಕೊಟ್ಟರು. ಆ ಮೇಲೆ ಸಚಿವರ ಭೇಟಿಯ ಬಂದೋಬಸ್ತು ಬಂದು ಠಾಣೆಯವರೆಲ್ಲ ರಸ್ತೆಯಲ್ಲಿ ನಿಂತರು. ಹಾಗೆ ಗುರುವಾರದವರೆಗೆ ಕೇಸು ಅಲ್ಲಾಡಲಿಲ್ಲ.

ಶುಕ್ರವಾರ, ೧೬ನೇ ತಾರೀಕು, ಬೆಳಿಗ್ಗೆ ಒಂಬತ್ತಕ್ಕೆ ತುಕ್ರಪ್ಪ ತಾನೇ ಮೂಡುಬಿದಿರೆಗೆ ಹೊರಟರು. ಜೊತೆಗೆ ಡೊಂಬಯ್ಯ, ಮಹಿಳಾ ಪೇದೆ ದಮಯಂತಿ, ಮತ್ತು ಪಂಚನಾಮೆಗೆಂದು ನೋಣಯ್ಯ. ಈ ನೋಣಯ್ಯ ಠಾಣೆಯ ಎದುರು ಬೀಡಾ ಅಂಗಡಿ ಇಟ್ಟವನು. ಕರೆದರೆ ಬರುವನು, ತೋರಿಸಿದಲ್ಲಿ ಸಹಿ ಹಾಕುವನು, ಏನನ್ನೂ ಕೇಳುವವನಲ್ಲ. ಎರಡು ಗಂಟೆಗೆ ಉನೈಸ್‌ನ ಕರೆ. ಅಷ್ಟರೊಳಗೆ ಕಳ್ಳ ಸಿಗದಿದ್ದರೆ ಶಾಹಿದಾಳ ವೀಸಾ ಹೋಯಿತು.

ಬದ್ರುದ್ದೀನರ ಕಚೇರಿಯಲ್ಲಿ 'ಇಲ್ಲಿ ಪ್ರತಿಯೊಂದು ಬದಲಾವಣೆಯೂ ಪರಿಶೀಲಿತ' ಎಂಬ ಬೋರ್ಡು ನೇತಾಡುತ್ತಿತ್ತು. ಕರ್ನಲ್ ಎಂದರೆ ಕಂಪ್ಯೂಟರಿನ ಒಳಗಿನ ಮೂಲ ಪ್ರೋಗ್ರಾಮ್, ಸಾಕೆಟ್ ಎಂದರೆ ಕರೆಗಾಗಿ ಒಳಗೆ ಕಾದು ಕೂತಿರುವ ಒಂದೊಂದು ತುದಿ ಎಂದು ಅಲ್ಲಿ ತಿಳಿಯಿತು. ಡೊಂಬಯ್ಯ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ ಬಿ.ಸಿ. ರೋಡಿನ ಬೂತಿಗೆ ಒಂದು ಸಾಕೆಟ್, ಮೂಡುಬಿದಿರೆಯ ಬೂತಿಗೆ ಒಂದು. ಕರೆ ಬಂದಾಗ, ಆ ಜಾಗ ಯಾವ ಬೂತಿನ ಪಟ್ಟಿಯಲ್ಲಿದೆ ಎಂದು ನೋಡಿ ಕರ್ನಲ್ ಎರಡಕ್ಕೂ ಅಂಕ ಹಾಕುತ್ತದೆ. ಹೆಚ್ಚು ಅಂಕ ಬಂದವರಿಗೆ ಕರೆ.

"ಸಮ ಅಂಕ ಬಂದ್ರೆ?" ತುಕ್ರಪ್ಪ ಕೇಳಿದರು.

"ಎರಡೂ ಪಟ್ಟಿಯಲ್ಲಿ ಇಲ್ಲದ ಹೊಸ ಜಾಗದಿಂದ ಬರುವ ಕರೆಗೆ ಹಾಗೆ ಆಗ್ತದೆ. ಆಗ ಮೊದಲು ಕೂತವರಿಗೆ. ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ ಸಾರ್."

ಇದು ತುಕ್ರಪ್ಪನವರಿಗೆ ಚೆನ್ನಾಗಿ ಅರ್ಥವಾಯಿತು. ಬಿ.ಸಿ. ರೋಡಿನ ಬೂತ್ ದಿನವೂ ಮೊದಲು ತೆರೆಯುತ್ತದೆ. ಹಾಗಾದರೆ ಟವೆಲ್ ಶಾಹಿದಾಳದ್ದು. ಆದರೆ ಕಂಪ್ಯೂಟರ್ ನೋಡಿದರೆ, ಆ ಮೂರು ಶುಕ್ರವಾರವೂ ಉನೈಸ್‌ನ ಕರೆ ಬಂದು ಬಿದ್ದದ್ದು ಮೂಡುಬಿದಿರೆಯ ಬೂತಿಗೆ. ಆ ಹೊತ್ತಿಗೆ ಅಲ್ಲಿ ಕೂರುವವರು ಸೇಸಮ್ಮ. ಮಸ್ಕತ್ತಿನ ತಮ್ಮನ ಕರೆಗಾಗಿ ಪ್ರತಿ ಶುಕ್ರವಾರ ಬರುವವರು, ಅಂದು ಬೇಗನೆ ಬಂದು ಹೊರಗಿನ ಬೆಂಚಿನಲ್ಲೇ ಇದ್ದರು.

ಸೇಸಮ್ಮ ಏನನ್ನೂ ಮುಚ್ಚಿಡಲಿಲ್ಲ. ಒಬ್ಬ ಹುಡುಗ ಶಾಹಿದಾ ಇದ್ದಾಳಾ ಎಂದು ಕೇಳುತ್ತಿದ್ದ, ಇಲ್ಲಿ ಶಾಹಿದಾ ಇಲ್ಲ ಎಂದು ಇದ್ದದ್ದನ್ನೇ ಹೇಳಿದೆ ಎಂದರು. ಮೂರನೆಯ ವಾರ ಪಾಪ ಅವನು ಅದನ್ನೇ ಮತ್ತೆ ಮತ್ತೆ ಕೇಳಿದನಂತೆ. ಆಗ ಸ್ವಲ್ಪ ಬುದ್ಧಿಮಾತನ್ನೂ ಹೇಳಿದ್ದರು.

"ಎಂತ ಹೇಳಿದ್ರಿ?"

"ಬಾರದವಳನ್ನು ಕಾಯಬೇಡ ಮಗಾ, ಬೇರೆ ದಾರಿ ನೋಡು ಅಂದೆ."

ತುಕ್ರಪ್ಪ ಹಣೆ ಒತ್ತಿಕೊಂಡರು. ಸೇಸಮ್ಮನ ಮೇಲೆ ಹಾಕಲು ಯಾವ ಕಾಯ್ದೆಯಲ್ಲೂ ಸೆಕ್ಷನ್ ಇರಲಿಲ್ಲ.

ಇನ್ನು ಕರ್ನಲನ್ನು ಬದಲಾಯಿಸಿದವರು ಯಾರೆಂಬುದು. ಬದ್ರುದ್ದೀನ್ ಪರದೆಯ ಮೇಲೆ ಎಲ್ಲ ಬದಲಾವಣೆಗಳನ್ನು ತೆಗೆದು ತೋರಿಸಿದರು. ಒಂದೊಂದರ ಕೆಳಗೂ 'ಬರೆದವರು: ರಾಫಿಯಾ', 'ಪರಿಶೀಲಿಸಿದವರು: ಬದ್ರುದ್ದೀನ್' ಎಂದಿತ್ತು. ರಾಫಿಯಾ ಅವರಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದ ಇಂಜಿನಿಯರ್ ಹುಡುಗಿ. ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಕೊನೆಯ ಬದಲಾವಣೆಯಲ್ಲಿ ಏನುಂಟು ಎಂದು ತುಕ್ರಪ್ಪ ಕೇಳಿದರು. ಬದ್ರುದ್ದೀನ್ ಕನ್ನಡಕ ಏರಿಸಿ, ಇಳಿಸಿ, ಅದು ಚುರುಕು ಮಾಡುವ ಬದಲಾವಣೆ ಎಂದರು. ಯಾವ ಸಾಲು ಚುರುಕು ಮಾಡುತ್ತದೆ ಎಂದರೆ, ಎಲ್ಲವೂ ಸೇರಿ ಎಂದರು.

ತುಕ್ರಪ್ಪನವರಿಗೆ ಒಮ್ಮೆಲೇ ನೋಣಯ್ಯ ಕಾಣಿಸಿದ. ಹಿಂದಿನ ವರ್ಷ ಒಂದು ಕಳ್ಳತನದ ಕೇಸಿನಲ್ಲಿ, ನಿನ್ನೆದುರು ಜಪ್ತಿಯಾದದ್ದು ಏನು ಎಂದು ವಕೀಲರು ಕೇಳಿದ್ದಕ್ಕೆ, ಅದು ಇನ್ಸ್‌ಪೆಕ್ಟ್ರಿಗೆ ಗೊತ್ತು ಎಂದು ಉತ್ತರಿಸಿ ಕೇಸನ್ನು ಮುಳುಗಿಸಿದವನು ಅವನು. ಈ ಬದ್ರುದ್ದೀನ್ ಟೈ ಕಟ್ಟಿದ ನೋಣಯ್ಯ. ಓದದೆ ಸಹಿ ಹಾಕಿದ್ದಾರೆ.

ಅವರು ಕುರ್ಚಿ ಎಳೆದು ಪರದೆಯ ಎದುರು ಕೂತರು. ಹಳೆಯ ಸಾಲು ಮೇಲೆ, ಹೊಸ ಸಾಲು ಕೆಳಗೆ. ಎರಡು ಹೇಳಿಕೆಗಳನ್ನು ತಾಳೆ ನೋಡುವ ರೀತಿಯಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದರು. ಇಂಗ್ಲಿಷು ಅರ್ಧವೂ ತಿಳಿಯಲಿಲ್ಲ, ಆದರೆ ಶಾಲೆಯ ಲೆಕ್ಕದ ಚಿಹ್ನೆಗಳು ತಿಳಿದವು. ಬಹಳ ಹೊತ್ತಿನ ನಂತರ ರಾಫಿಯಾಳನ್ನು ಕರೆಸಿದರು.

"ಇದು ನೀವು ಬರೆದದ್ದಾ?"

"ಹೌದು."

"ಮೊದಲು 'ಹಿಂದಿನವರಿಗಿಂತ ಹೆಚ್ಚಿದ್ದರೆ' ಅಂತ ಮಾತ್ರ ಇತ್ತು. ಈಗ ಪಕ್ಕದಲ್ಲಿ ಒಂದು ಸಮಚಿಹ್ನೆ ಉಂಟು. ಹೆಚ್ಚಿದ್ದರೂ ಸಮ ಇದ್ದರೂ ಅಂತ. ಆಗ ಟವೆಲ್ ಮೊದಲು ಹಾಕಿದವರಿಗೆ ತಪ್ಪಿ, ಕೊನೆಗೆ ಬಂದವರಿಗೆ ಸೀಟು. ಅಲ್ವಾ?"

ರಾಫಿಯಾ ಅವರನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನೀವು ಓದಿದ್ರಾ ಸಾರ್?"

"ಓದದೆ ಕೇಳುದು ಹೇಗೆ?"

ಆಮೇಲೆ ಅವಳು ಯಾವುದನ್ನೂ ಮುಚ್ಚಿಡಲಿಲ್ಲ. ಎರಡು ವರ್ಷ ತಾನು ಬರೆದ ಪ್ರತಿ ಸಾಲಿಗೂ ಬದ್ರುದ್ದೀನ್ ಕೌಂಟರಿನಿಂದಲೇ 'ಲಾಯ್ಕುಂಟು' ಎಂದು ಪರಿಶೀಲನೆ ಮುಗಿಸುತ್ತಿದ್ದರು. ಒಮ್ಮೆ ವಿವರಣೆಯ ನಡುವೆ, 'ಸಾರ್, ಇದನ್ನು ಓದಿದರೆ ನನಗೊಂದು ಬಾದಾಮಿ ಹಾಲು ಕೊಡಿಸಿ' ಎಂದೇ ಬರೆದಿದ್ದಳು. ಬಾದಾಮಿ ಹಾಲು ಬರಲಿಲ್ಲ. ಅದಕ್ಕೇ ಈ ಸಮಚಿಹ್ನೆ. ಸಂಜೆಯೊಳಗೆ ಹಿಡಿಯುತ್ತಾರೆ, ಹಿಡಿದ ಕೂಡಲೇ ತೆಗೆಯುವ ಎಂದುಕೊಂಡಿದ್ದಳು. 'ಪರಿಶೀಲಿಸಿದೆ' ಎಂದು ಬಂದಾಗ ಸಿಟ್ಟು ನೆತ್ತಿಗೇರಿತು. ಕರೆ ಅಡ್ಡಾದಿಡ್ಡಿ ಹೋದರೆ ಗಿರಾಕಿಗಳಾದರೂ ಬಂದು ಬೈಯಲಿ ಎಂದು ಕಾದಳು. ಆದರೆ ಗಿರಾಕಿಗಳು ಯಂತ್ರದ ಮೇಲೆ ಸಂಶಯಪಡಲಿಲ್ಲ, ತಮ್ಮ ತಮ್ಮ ಮನುಷ್ಯರ ಮೇಲೆಯೇ ಪಟ್ಟರು. ಶಾಹಿದಾಳ ವಿಷಯ ಅವಳಿಗೆ ತಿಳಿದದ್ದು ಈಗ. ಕೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಗಂಟೆ ಒಂದೂವರೆ. ಸಮಚಿಹ್ನೆ ತೆಗೆಯಿರಿ ಎಂದು ತುಕ್ರಪ್ಪ ಹೇಳಿ ತಿರುಗಿ ನೋಡಿದರೆ, ಡೊಂಬಯ್ಯ ಕಂಪ್ಯೂಟರಿನ ಕೀಲಿಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಒತ್ತಿದ್ದ. ಕರ್ನಲರನ್ನು ಕರೆತಂದ ತಪ್ಪನ್ನು ತಿದ್ದಿಕೊಳ್ಳುವ ಉತ್ಸಾಹ. ನೋಣಯ್ಯ ಸಹಿಯನ್ನೂ ಹಾಕಿಯಾಗಿತ್ತು.

"ಒಡಿ ಮಾರಾಯ."

"ಪಂಚನಾಮೆ ಆಗಿದೆ ಸಾರ್."

"ಇನ್ನೊಂದು ಬರೆಯುವ. ಒಡಿ."

ಅರಗು ಒಡೆಯಿತು. ರಾಫಿಯಾ ಸಮಚಿಹ್ನೆ ತೆಗೆದಳು. ಈ ಬಾರಿ ತುಕ್ರಪ್ಪ ಬದ್ರುದ್ದೀನರನ್ನು ಪಕ್ಕದಲ್ಲಿ ನಿಲ್ಲಿಸಿ ಇಡೀ ಬದಲಾವಣೆಯನ್ನು ಗಟ್ಟಿಯಾಗಿ ಓದಿಸಿದರು. ನಾಲ್ಕನೆಯ ಸಾಲಿನಲ್ಲಿ ಬದ್ರುದ್ದೀನ್ ತಡೆದು, ಇಲ್ಲಿ ಎಂತ ಎಂದು ರಾಫಿಯಾಳನ್ನೇ ಕೇಳಿದರು. ಅವಳು ಕಣ್ಣೊರಸಿಕೊಂಡು ಹೇಳಿಕೊಟ್ಟಳು. ಓಹೋ ಎಂದು ಅವರು ಇನ್ನೊಮ್ಮೆ ಓದಿದರು. ಅವರ ಮುಖ ನಾಚಿಕೆಯಿಂದ ಕೆಂಪಾಗಿತ್ತು.

ಎರಡೂಕಾಲಿಗೆ ತುಕ್ರಪ್ಪನವರ ಮೊಬೈಲಿಗೆ ಬಿ.ಸಿ. ರೋಡಿನಿಂದ ಅಬ್ದುಲ್ಲ ಕರೆ ಮಾಡಿದರು. ಕರೆ ಬಂದಿತ್ತು. ಮಗಳು ಗಾಜಿನ ಬೂತಿನ ಒಳಗಿದ್ದಾಳೆ, ಅಳುತ್ತಾ ಇದ್ದಾಳೆ, ನಡುನಡುವೆ ನಗುತ್ತಾಳೆ, ತನ್ನನ್ನು ನೋಡಿ ಆಚೆ ಹೋಗಲು ಕೈ ಮಾಡಿದಳು ಎಂದರು. ತುಕ್ರಪ್ಪ ಫೋನನ್ನು ರಾಫಿಯಾಳ ಕೈಗೆ ಕೊಟ್ಟರು. ಅವಳು ತಲೆ ತಗ್ಗಿಸಿ, ತಪ್ಪಾಯಿತು ಎಂಬ ಧ್ವನಿಯಲ್ಲಿ ಅಬ್ದುಲ್ಲರೊಂದಿಗೆ ಬ್ಯಾರಿ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದಳು.

ಆದರೆ ಎಫ್‌ಐಆರ್ ಎಂಬುದು ಅಳಿಸಲು ಬರುವುದಲ್ಲ. ಮೂರೂವರೆಗೆ ದಮಯಂತಿಯ ಸಮಕ್ಷಮದಲ್ಲಿ ರಾಫಿಯಾಳನ್ನು ಬಂಧಿಸಲಾಯಿತು. ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಜಾಮೀನಿಗೆ ತಾನೇ ನಿಲ್ಲುತ್ತೇನೆ ಎಂದು ಬದ್ರುದ್ದೀನ್ ಜೀಪಿನ ಹಿಂದೆಯೇ ಬೈಕಿನಲ್ಲಿ ಬಂದರು.

ಠಾಣೆಯಲ್ಲಿ ತುಕ್ರಪ್ಪ ಅವಳ ಸ್ವಇಚ್ಛಾ ಹೇಳಿಕೆ ಬರೆದು ಮುಗಿಸಿ ಸಹಿಗೆ ಕೊಟ್ಟರು. ಅವರ ನೌಕರಿಯಲ್ಲಿ ಆರೋಪಿಗಳು ಪೆನ್ನು ಕೇಳಿದ್ದುಂಟು, ನೀರು ಕೇಳಿದ್ದುಂಟು, ಹೇಳಿಕೆಯನ್ನು ಓದಿದ್ದಿಲ್ಲ. ರಾಫಿಯಾ ಓದಿದಳು. ಮೊದಲ ಪುಟದಲ್ಲೇ ಬೆರಳು ನಿಂತಿತು.

"ಇಲ್ಲಿ 'ದುರುದ್ದೇಶದಿಂದ' ಅಂತ ಉಂಟು ಸಾರ್. ನಾನು ಹಾಗೆ ಹೇಳ್ಲಿಲ್ಲ."

"ಅದು ಯಾವಾಗ್ಲೂ ಹಾಕುವುದು," ಎಂದರು ತುಕ್ರಪ್ಪ.

ಹೇಳಿದ ಮೇಲೆ ಮಾತು ಅವರ ಕಿವಿಗೇ ಹಿತವಾಗಲಿಲ್ಲ. ಆ ಪದವನ್ನು ತಾನು ಬರೆದದ್ದು ನೆನಪೇ ಇರಲಿಲ್ಲ. ಕೈ ಬರೆದಿತ್ತು. ಆ ಒಂದು ಪದಕ್ಕೆ ನ್ಯಾಯಾಲಯದಲ್ಲಿ ಎಷ್ಟು ತೂಕವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.

"ಮತ್ತೆ ಎಂತ ಬರೀಲಿ?"

ರಾಫಿಯಾ ಯೋಚಿಸಿದಳು. "ಯಾರಾದ್ರೂ ಓದ್ತಾರಾ ಅಂತ ನೋಡ್ಲಿಕ್ಕೆ. ಹಾಗೆ ಬರೀರಿ."

ಹಾಗೆಯೇ ಬರೆದರು. ಅವಳು ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದಳು. ಅವಳನ್ನು ದಮಯಂತಿ ಕರೆದುಕೊಂಡು ಹೋದ ಮೇಲೆ, ತುಕ್ರಪ್ಪ ಇನ್ನೊಂದು ಕೇಸಿನ ಕಡತ ತರಿಸಿದರು. ಕೊಕ್ಕಡದ ಕಡೆಯ ಒಬ್ಬ ಕೂಲಿಯಾಳಿನ ಮೇಲೆ ರಬ್ಬರ್ ಶೀಟ್ ಕದ್ದ ಆರೋಪ. ಅದರಲ್ಲಿಯೂ ಅದೇ ಪದ, ತನ್ನದೇ ಕೈಬರಹ. ಅವರು ಕನ್ನಡಕ ಒರಸಿಕೊಂಡು ಮೊದಲ ಪುಟದಿಂದ ಓದಲು ಕೂತರು. ಆ ಮನುಷ್ಯ ಜೈಲು ಸೇರಿ ಒಂದು ತಿಂಗಳಾಗಿತ್ತು.