ಕಲ್ಲಿನ ಕೆಮ್ಮು ಅಂದುಕೊಂಡಿದ್ದಳು

ಎಲ್ಲರೆದುರು ದೆಲ್ಫಿಂ ಮುಖ ತಿರುಗಿಸಿಬಿಟ್ಟ!

ಫಿಲಿಪಾ ಕೆನ್ನೆ ಮುಂದೆ ಮಾಡಿ ನಿಂತಿದ್ದಳು. ಸಿಕ್ಕವರಿಗೆಲ್ಲ ಎರಡೂ ಕೆನ್ನೆಗೆ ಮುತ್ತಿಟ್ಟು ಮಾತಾಡಿಸುವ ಊರು ಅದು. ತರಕಾರಿ ಮಾರುವ ಅಜ್ಜಿಗೂ ಸಿಗುವ ಆ ಮುತ್ತು, ಪ್ರೀತಿಸಿದವಳಿಗೆ ಇಲ್ಲ!

ಅವನು ನೆಲ ನೋಡುತ್ತಾ ಹೋಗಿ ಕುರ್ಚಿಯಲ್ಲಿ ಕೂತ. ಆ ಸಂಜೆ ಅವನು ಯಾರಿಗೂ ಮುತ್ತಿಟ್ಟಿರಲಿಲ್ಲ. ಅದು ಮಾತ್ರ ಫಿಲಿಪಾಳ ಕಣ್ಣಿಗೆ ಬೀಳಲೇ ಇಲ್ಲ...

ಹಗಲೆಲ್ಲ ಕಲ್ಲುಗಣಿಯಲ್ಲಿ ಗ್ರಾನೈಟ್ ಕೊಯ್ಯುವ ದೆಲ್ಫಿಂ, ಸಂಜೆ ಊರ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಬ್ರೆಡ್ಡಿನಂಗಡಿಯ ಫಿಲಿಪಾಳದೂ ಕ್ಲಾರಿನೆಟ್ಟೇ. ಇಬ್ಬರಿಗೂ ಸೇರಿ ಒಂದೇ ಸ್ಟ್ಯಾಂಡು, ಒಂದೇ ಸ್ವರದ ಹಾಳೆ. ಹಾಳೆ ತಿರುವುವಾಗ ಬೆರಳಿಗೆ ಬೆರಳು ತಾಗಿ ಶುರುವಾದ ಪ್ರೀತಿ ಅದು.

ಬ್ಯಾಂಡಿನ ಕೋಣೆಯ ಕಿಟಕಿಗಳೆಲ್ಲ ಚಳಿಗೆ ಮುಚ್ಚಿದ್ದವು. ನುಡಿಸಲು ಶುರುಮಾಡಿ ಅರ್ಧ ಸಾಲೂ ಆಗಿರಲಿಲ್ಲ, ದೆಲ್ಫಿಂಗೆ ಉಸಿರು ಕಟ್ಟಿತು. ಕೆಮ್ಮು... ಮತ್ತೆ ಕೆಮ್ಮು!

"ಅಲ್ಲಿ ಉಸಿರು ತಗೋಬೇಡ ಕಣಪ್ಪಾ, ಸಾಲು ಮುರಿಯುತ್ತೆ!" ಅಂದರು ಬ್ಯಾಂಡಿನ ಅಬೀಲಿಯೋ ಮೇಷ್ಟ್ರು.

"ಕಲ್ಲಿನ ಕೆಮ್ಮು ಬಿಡಿ ಮೇಷ್ಟ್ರೇ," ಡೋಲು ಬಾರಿಸುವವನು ನಕ್ಕ. "ನಮ್ಮೂರಲ್ಲಿ ಕೆಮ್ಮದೇ ಇರೋನು ಸೋಮಾರಿ ಅಂತ ಲೆಕ್ಕ!"

ಎಲ್ಲರೂ ಘೊಳ್ಳೆಂದರು. ಫಿಲಿಪಾಳ ಕೆನ್ನೆ ಇನ್ನೂ ಉರಿಯುತ್ತಿತ್ತು.

"ಬೇರೆ ಕಡೆ ಹೋಗಿ ಕೂತ್ಕೋ ದೆಲ್ಫಿಂ. ನಿನ್ನ ಕೆಮ್ಮು ನನ್ನ ಸ್ವರ ಕೆಡಿಸುತ್ತೆ."

ನಗು ಥಟ್ಟನೆ ನಿಂತಿತು.

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಕ್ಲಾರಿನೆಟ್ಟನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟೇಹೋದ.

ಅವನಾಗೇ ಬರ್ತಾನೆ ಅಂದುಕೊಂಡಳು. ಬರಲಿಲ್ಲ. ಫೋನೂ ಇಲ್ಲ.

"ನಿನ್ನ ಹುಡುಗ ಪೆನಫಿಯೆಲ್ ಬಸ್ಸಲ್ಲಿ ಸಿಕ್ಕಿದ್ದ ಕಣೇ," ಜೋಳದ ಬ್ರೆಡ್ಡು ಕೊಳ್ಳಲು ಬಂದ ರೊಜೀರಿಯಾ ಕಣ್ಣು ಮಿಟುಕಿಸಿದಳು. "ಇಸ್ತ್ರಿ ಶರ್ಟೇನು, ಬಾಚಿದ ತಲೆಯೇನು! ಪೇಟೇಲಿ ಯಾರೋ ಇದ್ದಾಳೆ."

"ಇರ್ಲಿ ಬಿಡಿ. ಇನ್ನು ಅವಳೇ ಆ ಕೆಮ್ಮು ಕೇಳ್ಲಿ!"

ಬಾಯಿ ಹಾಗಂದಿತು. ರಾತ್ರಿ ದಿಂಬು ಒದ್ದೆಯಾಯಿತು.

ಒಂದು ಬೆಳಿಗ್ಗೆ ಫೋನು ಬಂತು. ಪೆನಫಿಯೆಲ್‌ನ ಎದೆರೋಗದ ಆಸ್ಪತ್ರೆಯಿಂದ!

"ನಿಮ್ಮ ಹತ್ತಿರದವರೊಬ್ಬರಿಗೆ ಕ್ಷಯ ಇದೆ ಅಂತ ಗೊತ್ತಾಗಿದೆ. ಅವರ ಜೊತೆ ಮುಚ್ಚಿದ ಕೋಣೇಲಿ ಹೆಚ್ಚು ಹೊತ್ತು ಇದ್ದೋರನ್ನೆಲ್ಲ ಪರೀಕ್ಷೆ ಮಾಡ್ತಿದ್ದೀವಿ. ಬರ್ತೀರಾ?"

ಕ್ಷಯ? ಅದು ಅಜ್ಜಿಯ ಕಾಲದ ಕಾಯಿಲೆ ಅಲ್ಲವಾ? ನನಗೆ ಹತ್ತಿರದವರು ಅಂದ್ರೆ...

ಅವಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗೆ ಬಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಕೂರಿಸಿಕೊಂಡ ನರ್ಸ್ ಇರೇನೆ ವಯಸ್ಸಾದವರು. ಕಾಯಿಲೆಯವರ ಹೆಸರು ಕೇಳಿದರೆ, "ಅದು ನಾನು ಹೇಳೋ ಹಾಗಿಲ್ಲ ಮಗಳೇ," ಅಂದರು. ಆಮೇಲೆ ಪ್ರಶ್ನೆ ಕೇಳಲು ಶುರುಮಾಡಿದರು.

"ಮೂರು ವಾರ ದಾಟಿದ ಕೆಮ್ಮು ಏನಾದ್ರೂ?"

"ತಿಂಗಳುಗಟ್ಟಲೆ ಆಯ್ತು, ದ್ರಾಕ್ಷಿ ಕೊಯ್ಲಿನಿಂದ..." ಅಂದವಳು ತಡವರಿಸಿದಳು. "ನನಗಲ್ಲ."

ಇರೇನೆ ತಲೆಯೆತ್ತಿ ನೋಡಿದರು. "ತೂಕ ಇಳಿದಿದ್ಯಾ?"

ಒಂದು ಸಲ ದೆಲ್ಫಿಂ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡು ಬಂದಿದ್ದ. 'ಯಾರಿಗೋಸ್ಕರ ಸಣ್ಣ ಆಗ್ತಿದ್ದೀಯೋ?' ಅಂತ ಸೊಂಟ ಚಿವುಟಿದ್ದಳು. ಸಂಜೆಯಾದರೆ ಅವನ ಅಂಗೈ ಸುಡುತ್ತಿತ್ತು... ಅದನ್ನು ಪ್ರೀತಿಯ ಬಿಸಿ ಅಂದುಕೊಂಡಿದ್ದಳು, ಹುಚ್ಚಿ!

"ರಾತ್ರಿ ಬೆವರು? ಬಟ್ಟೆ ಬದಲಾಯಿಸೋ ಅಷ್ಟು?"

ಅವನಮ್ಮ ದಿನಾ ಹಾಸಿಗೆ ಬಟ್ಟೆ ಒಗೆದು ಒಣಹಾಕುತ್ತಿದ್ದರು. ಆ ಹಗ್ಗದ ಕೆಳಗೇ ಬಗ್ಗಿ ದಾಟಿ ಅವನ ಮನೆಗೆ ಹೋಗುತ್ತಿದ್ದಳಲ್ಲ!

"ಎಲ್ಲಾ ಇತ್ತು!" ಫಿಲಿಪಾ ಬಿಕ್ಕಿದಳು. "ಎಲ್ಲಾ ನನ್ನ ಕಣ್ಮುಂದೇನೇ ಇತ್ತು. ಕಲ್ಲಿನ ಕೆಮ್ಮು ಅಂದ್ಕೊಂಡೆ. ಊರವರೆಲ್ಲ ಹಾಗೇ ಅಂದ್ಕೊಳ್ಳೋದು..."

"ಕಲ್ಲಿನ ಧೂಳು ಕುಡಿದ ಎದೆಗೇ ಈ ಕಾಯಿಲೆ ಬೇಗ ಹತ್ತೋದು ಮಗಳೇ. ಕೆಮ್ಮು ಮೂರು ವಾರ ನಿಲ್ಲಲಿಲ್ಲ ಅಂದ್ರೆ ಯಾವ ಕೆಮ್ಮೇ ಆಗ್ಲಿ, ಬಂದು ತೋರಿಸ್ಬೇಕು. ಕಫದಲ್ಲಿ ರಕ್ತ ಕಂಡ್ರೆ ಅವತ್ತೇ ಓಡ್ಬರ್ಬೇಕು. ಜೇನುತುಪ್ಪ, ಸಾರಾಯಿ ಅಂತ ಮನೆಮದ್ದು ಮಾಡ್ಕೊಂಡು ಕೂತ್ರೆ ಎದೆ ತೂತಾಗುತ್ತೆ."

ಅವಳ ಎಕ್ಸ್‌ರೇ, ರಕ್ತ ಪರೀಕ್ಷೆ ಎರಡೂ ಸರಿಯಿದ್ದವು. ತನಗೇನೂ ಆಗಿಲ್ಲ ಅನ್ನೋದಕ್ಕೇ ಇನ್ನಷ್ಟು ಅಳು ಬಂತು.

ಬಸ್ಸಿಳಿದವಳೇ ನೇರ ದೆಲ್ಫಿಂ ಮನೆಗೆ ಓಡಿದಳು. ಅವನು ಮಹಡಿಯ ಜಗಲಿಯಲ್ಲಿ, ಕಂಬಳಿ ಹೊದ್ದು, ಮೂಗು ಬಾಯಿಗೆ ಮಾಸ್ಕ್ ಹಾಕಿ ಕೂತಿದ್ದ. ಎಷ್ಟು ಸಣ್ಣಗಾಗಿದ್ದಾನೆ!

"ಅಲ್ಲೇ ನಿಲ್ಲು! ಮೇಲೆ ಬರ್ಬೇಡ!"

ಅವಳು ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೇ ನಿಂತಳು.

"ಯಾಕೋ ಹೇಳ್ಲಿಲ್ಲ?"

"ಅವತ್ತು ಬೆಳಿಗ್ಗೆ ಕೆಮ್ಮಿದಾಗ ರಕ್ತ ಬಿತ್ತು. ಹೆದರಿಕೆ ಆಯ್ತು ಕಣೇ. ನಿನ್ನ ಕೆನ್ನೆ ಹತ್ರ ಬಾಯಿ ತರೋಕೆ ಧೈರ್ಯ ಬರ್ಲಿಲ್ಲ. ಎಲ್ಲರೂ ಹೋದ್ಮೇಲೆ ಹೇಳೋಣ ಅಂದ್ಕೊಂಡಿದ್ದೆ..."

ಅದಕ್ಕೆ ಮೊದಲೇ ಅವನನ್ನು ಎಬ್ಬಿಸಿ ಕಳಿಸಿದ್ದವಳು ತಾನೇ!

"ಡಾಕ್ಟರ್ ಏನಂದ್ರು?"

"ಆರು ತಿಂಗಳು ಮಾತ್ರೆ. ಒಂದಿನಾನೂ ಬಿಡಬಾರ್ದಂತೆ. ವಾಸಿ ಆಗುತ್ತೆ. ಆದ್ರೆ..." ಅವನು ದೂರದ ಗಣಿ ಕಡೆ ನೋಡಿದ. "ಬಲಗಡೆ ಶ್ವಾಸಕೋಶದ ಮೇಲ್ಭಾಗ ಹಾಳಾಗಿದೆ. ಉದ್ದ ಉಸಿರು ಮೊದಲಿನ ಹಾಗೆ ಬರೋದು ಕಷ್ಟ ಅಂದ್ರು. ಮೊದಲೇ ಬಂದಿದ್ರೆ ಉಳೀತಿತ್ತಂತೆ."

ಮೊದಲೇ! ದ್ರಾಕ್ಷಿ ಕೊಯ್ಲಿನಲ್ಲೇ ಕೈಹಿಡಿದು ಎಳೆದುಕೊಂಡು ಹೋಗಿದ್ದರೆ...

"ನನ್ನ ಹೆಸರು ಯಾಕೆ ಕೊಟ್ಟೆ? ಅಷ್ಟೆಲ್ಲ ಅಂದಿದ್ದೆ ನಿಂಗೆ..."

"ಯಾರ ಜೊತೆ ಜಾಸ್ತಿ ಹೊತ್ತು ಉಸಿರಾಡ್ತೀಯ ಅಂತ ನರ್ಸಮ್ಮ ಕೇಳಿದ್ರು. ಅಮ್ಮನಿಗಿಂತ ಮೊದಲು ನಿನ್ನ ಹೆಸರೇ ಬಂತು ಕಣೇ, ಏನ್ಮಾಡ್ಲಿ?"

ಅಲ್ಲೇ ಒಣನೆಲದಲ್ಲಿ ಕೂತು ಅತ್ತಳು. ಅವನು ಮೇಲಿಂದ ನೋಡುತ್ತಲೇ ಇದ್ದ. ಇಳಿದು ಬಂದು ಕಣ್ಣೊರೆಸುವ ಹಾಗಿರಲಿಲ್ಲ.

ಮಾತ್ರೆ ಕೆಲಸ ಮಾಡಿತು. ಇನ್ನು ಯಾರಿಗೂ ಹರಡಲ್ಲ ಅಂತ ಆಸ್ಪತ್ರೆಯವರು ಹೇಳಿದ ದಿನ, ಬ್ಯಾಂಡಿನ ಬಾಗಿಲಲ್ಲಿ ದೆಲ್ಫಿಂ ಬಂದು ನಿಂತ. ಬರಿಗೈ. ಕ್ಲಾರಿನೆಟ್ ಇರಲಿಲ್ಲ.

ಎಲ್ಲರೆದುರು ನಡೆದು ಬಂದು ಫಿಲಿಪಾಳ ಎರಡೂ ಕೆನ್ನೆಗೆ ಮುತ್ತಿಟ್ಟ. ಡೋಲಿನವನು ತಲೆತಗ್ಗಿಸಿದ. ಅಬೀಲಿಯೋ ಮೇಷ್ಟ್ರು ಸದ್ದಿಲ್ಲದೆ ಎದ್ದು ಕಿಟಕಿಗಳನ್ನೆಲ್ಲ ತೆರೆದರು.

"ಹಾಳೆ ತಿರುವೋಕೆ ಬಂದಿದ್ದೀನಿ," ಅಂದ ದೆಲ್ಫಿಂ.

ಬ್ಯಾಂಡು ಶುರುವಾಯಿತು. ಮೊದಲು ಅವನೊಬ್ಬನೇ ನುಡಿಸುತ್ತಿದ್ದ ಸಾಲು ಬಂದಾಗ ಯಾರೂ ನುಡಿಸಲಿಲ್ಲ. ಫಿಲಿಪಾಳ ಕಣ್ಣು ಮಂಜಾಯಿತು. ಆ ಮೌನದಲ್ಲೇ ಅವನಿಗೆ ಕೆಮ್ಮು ಬಂತು. ಬಾಯಿಗೆ ತೋಳು ಅಡ್ಡ ಹಿಡಿದು ಮೆಲ್ಲಗೆ ಏಳಹೋದ.

ಅವಳು ಅಂಗಿ ಹಿಡಿದೆಳೆದಳು. "ಎಲ್ಲಿಗೋ?"

"ನಿನ್ನ ಸ್ವರ ಕೆಡುತ್ತೆ..."

"ಕೆಡ್ಲಿ. ಇಲ್ಲೇ ಕೂತು ಕೆಮ್ಮು. ಈ ಸಲ ಕೇಳಿಸ್ಕೋತೀನಿ."