ಎಡಮುಂದಿನ ಗಾಳಿಚೀಲ

ಮೆಕ್ಯಾನಿಕ್‌ನ ಬಲಗೈಯಲ್ಲಿ ಈಗ ಉಳಿದಿದ್ದುದು ಮೂರೇ ಬೆರಳು. ಉಂಗುರದ ಬೆರಳು, ಕಿರುಬೆರಳು ಎರಡೂ ಸಾಹುಕಾರರ ಕಾರಿನ ಬಾನೆಟ್ಟಿನ ಕೆಳಗೆ ಜಜ್ಜಿಹೋಗಿದ್ದವು. ಕೈಜಾರಿ ಬಿದ್ದ ಬಾನೆಟ್ಟಲ್ಲ ಅದು. ಸಾಹುಕಾರರು ಎರಡೂ ಅಂಗೈ ಊರಿ ಬಡಿದದ್ದು.

ಜಗಳ ಹುಟ್ಟಿದ್ದು ಗಾಳಿಯಿಂದ. ಇಪ್ಪತ್ತು ವರ್ಷ ಹಳೆಯದಾದ ಆ ಭಾರೀ ಕಾರಿಗೆ ಸ್ಪ್ರಿಂಗುಗಳಿಲ್ಲ. ನಾಲ್ಕು ಚಕ್ರದ ಮೇಲೂ ರಬ್ಬರಿನ ಗಾಳಿಚೀಲ. ಎಂಜಿನ್ ಓಡಿದರೆ ಗಾಳಿ ತುಂಬಿ ಕಾರು ಮೇಲೇಳುತ್ತದೆ. ಒಂದು ವರ್ಷದಿಂದ ಅದಕ್ಕೊಂದು ಕಾಯಿಲೆ: ಸಂಜೆ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಎಡಮುಂದಕ್ಕೆ ಕುಸಿದು ನೆಲಕ್ಕೆ ಮೂತಿ ಊರಿರುತ್ತಿತ್ತು. ಚೀಲ ಸೀಳಿದೆ ಎಂದ ಮೆಕ್ಯಾನಿಕ್.

“ಚೀಲ ನೆಟ್ಟಗಿದೆ ಕಣೋ, ನಿನ್ನ ತಲೇಲೇ ತೂತು. ಗಾಳಿ ಬೇರೆ ಎಲ್ಲೋ ಹೋಗ್ತಿದೆ, ಹುಡುಕು.”

“ಇಪ್ಪತ್ತೈದು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ. ನನಗೇ ಹೇಳ್ಕೊಡ್ತೀರಾ?”

ಆಗಲೇ ಬಾನೆಟ್ಟು ಬಡಿದದ್ದು. “ಈಗ ಎಣಿಸು, ಎಷ್ಟು ವರ್ಷ ಉಳೀತು ಅಂತ,” ಎಂದು ಸಾಹುಕಾರರು ನಕ್ಕರು.

ಆಸ್ಪತ್ರೆಯಲ್ಲಿ ಅವನು ಬಾನೆಟ್ಟು ತಾನಾಗಿ ಜಾರಿತೆಂದೇ ಹೇಳಿದ. ಹಗೆ ಕಾಗದದ ಮೇಲೆ ಬರಬಾರದು. ಗಾಯ ಮಾಯುತ್ತಲೇ ಮತ್ತೆ ಸಾಹುಕಾರರ ಷೆಡ್ಡಿಗೆ ಹೋಗಿ, ತಲೆ ತಗ್ಗಿಸಿ ಎಣ್ಣೆ ಬದಲಿಸಿದ, ಏಳದ ಕಿಟಕಿಯ ಗಾಜನ್ನು ಏಳಿಸಿದ. “ಎಷ್ಟು ಒಳ್ಳೇವನಪ್ಪಾ ನೀನು,” ಎಂದರು ಸಾಹುಕಾರರ ಅಕ್ಕ. ಅವನು ಒಳ್ಳೆಯವನಂತೆಯೇ ನಕ್ಕ.

ಒಳಗೆ ಲೆಕ್ಕಾಚಾರ ನಡೆದಿತ್ತು. ಕಾರು ಕುಸಿಯುತ್ತದೆಂದು ಬೀದಿಗೆಲ್ಲ ಗೊತ್ತು. ಗಾಳಿಯ ಪೈಪು ಚೀಲವನ್ನು ಸೇರುವ ನಟ್ಟು ಬಾನೆಟ್ಟೆತ್ತಿದರೆ ಕೈಗೆ ಸಿಗುತ್ತದೆ. ಎರಡು ಸುತ್ತು ಬಿಚ್ಚಿದರೆ ಗಾಳಿಯೆಲ್ಲ ಒಮ್ಮೆಗೇ ಹೊರಗೆ. ಕೆಲಸವಾದ ಮೇಲೆ ಅದನ್ನು ಮತ್ತೆ ಬಿಗಿದರೆ ಗುರುತೇ ಇಲ್ಲ. ಹಳೇ ಚೀಲದ ಮೇಲೆ ಬಿರುಕುಗಳಿವೆ, ಬಿರುಕು ಬಾಯ್ಬಿಟ್ಟು ಮತ್ತೆ ಮುಚ್ಚಿಕೊಂಡಿತು ಎಂದರೆ ನಂಬುವವರೇ ಎಲ್ಲ. ಸಾಹುಕಾರರನ್ನು ಕೆಳಗೆ ತೂರಿಸಲು ಬೇಕಾದದ್ದು ಒಂದೇ ಸುಳ್ಳು.

ಅಕ್ಕ ಊಟ ಮುಗಿಸಿ ಮಲಗಿದ್ದ ಮಧ್ಯಾಹ್ನ, ಎಂಜಿನ್ ಓಡಿಸಿ ಕಾರನ್ನು ಪೂರ್ತಿ ಏಳಿಸಿ ಆರಿಸಿದ ಮೇಲೆ, ಆ ಸುಳ್ಳನ್ನು ಹೇಳಿದ. “ನೀವು ಹೇಳಿದ್ದೇ ಸರಿ ಸಾಹುಕಾರ್ರೇ. ಚೀಲಕ್ಕೇನೂ ಆಗಿಲ್ಲ, ಗಾಳಿ ಬೇರೆ ಕಡೆಯೇ ಹೋಗ್ತಿದೆ. ನೀವೇ ನೋಡಿ.”

“ಒಪ್ಕೊಂಡ್ಯಾ ಕೊನೆಗೂ?” ಸಾಹುಕಾರರು ಷರಟು ಬಿಚ್ಚಿಟ್ಟು, ಟಾರ್ಚು ಹಿಡಿದು, ಮದುವೆಗೆ ಹೊರಟವರ ಹಿಗ್ಗಿನಲ್ಲಿ ಕಾರಿನ ಕೆಳಗೆ ತೂರಿದರು. “ಎಲ್ಲೋ? ಕಾಣಿಸ್ತಿಲ್ಲವಲ್ಲೋ!”

“ಇನ್ನೂ ಸ್ವಲ್ಪ ಒಳಕ್ಕೆ.”

ನಟ್ಟು ತಿರುಗಿತು. ಗಾಳಿ ಬುಸುಗುಟ್ಟಿತು. ಕಾರು ಕುಸಿಯುತ್ತಿದ್ದಂತೆ ಅವನು ಎಡಮೂಲೆಯ ಮೇಲೆ ತನ್ನ ಮೈಭಾರವನ್ನೆಲ್ಲ ಹೇರಿ ಕುಳಿತ. ಕೆಳಗೆ ಒಣಸೌದೆ ಮುರಿದಂಥ ಸದ್ದು, ಒಂದು, ಆಮೇಲೆ ಎರಡು ಒಟ್ಟಿಗೆ. ಸಾಹುಕಾರರ ಕೈಯೊಂದು ಹೊರಬಂದು ನೆಲವನ್ನು ಪಟಪಟ ಬಡಿಯಿತು, ಉಗುರಿನಿಂದ ಕೆರೆಯಿತು. ಎದೆಯಲ್ಲಿ ಉಸಿರಿಲ್ಲದ್ದರಿಂದ ಕೂಗು ಹೊರಡಲಿಲ್ಲ. ಬಾಯಿಂದ ಬಂದದ್ದು ರಕ್ತ. ಅದು ಎಂಜಿನ್ ಎಣ್ಣೆಯ ಹಳೇ ಕಲೆಗೆ ಕೂಡಿಕೊಂಡಿತು. ಅವನು ಆ ಕೈಯನ್ನೇ ನೋಡುತ್ತ ಕುಳಿತಿದ್ದ. ಅದರಲ್ಲಿ ಐದೂ ಬೆರಳಿದ್ದವು. ಐದೂ ಸುಮ್ಮನಾದ ಮೇಲೆ ಇಳಿದ.

ಆಮೇಲೆ ನಟ್ಟನ್ನು ಬಿಗಿದ. ಇನ್ನು ತಿರುಗದು ಎನ್ನುವವರೆಗೂ ಬಿಗಿದು, ಸ್ಪ್ಯಾನರು ಒರೆಸಿಟ್ಟು, ಕೂಗಿಕೊಂಡ.

ಎಲ್ಲ ಅಂದುಕೊಂಡಂತೆಯೇ ಆಯಿತು. ಎಂಜಿನ್ ಹಚ್ಚಿ ಕಾರನ್ನು ಏಳಿಸಿದವನೂ, ದೇಹ ಎಳೆದವನೂ, ಅಕ್ಕನನ್ನು ಹಿಡಿದು ಕೂರಿಸಿದವನೂ ಅವನೇ. ಇನ್ಸ್‌ಪೆಕ್ಟರು ಚೀಲದ ಬಿರುಕುಗಳನ್ನು ನೋಡಿ ತಲೆಯಾಡಿಸಿ, ಬ್ಯಾಟರಿಯ ತಂತಿ ಬಿಚ್ಚಿಸಿ, ಷೆಡ್ಡಿಗೆ ಬೀಗ ಹಾಕಿದರು.

ಐದನೆಯ ದಿನ ಬೀಗ ತೆಗೆಯುವಾಗ ಅವನನ್ನೂ ಕರೆಸಿದರು. ಸಹಿ ಹಾಕಿ ಹೊರಡುವುದಷ್ಟೇ ಎಂದುಕೊಂಡು, ತಲೆ ಬಾಚಿಕೊಂಡು ಬಂದ.

“ನೀನೇ ನೋಡಪ್ಪ,” ಎಂದು ಇನ್ಸ್‌ಪೆಕ್ಟರು ಬಾಗಿಲು ತಳ್ಳಿದರು. “ಒಂದು ವರ್ಷದಿಂದ ದಿನಾ ಬೆಳಿಗ್ಗೆ ಮೂತಿ ಊರ್ತಿತ್ತಂತೆ. ನಾಲ್ಕು ದಿನದಿಂದ ಯಾಕೆ ಊರಿಲ್ಲ?”

ಕಾರು ನಾಲ್ಕೂ ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು. ಬಾನೆಟ್ಟು ತೆರೆದಿತ್ತು; ಮಸಿ ಮೆತ್ತಿದ ನೂರು ನಟ್ಟುಗಳ ನಡುವೆ ಒಂದರ ಅಂಚುಗಳು ಮಾತ್ರ ಹೊಸದಾಗಿ ಉಜ್ಜಿಹೋಗಿ ಹೊಳೆಯುತ್ತಿದ್ದವು. ಅಂದು ಅದು ಸ್ಪ್ಯಾನರು ತಾಗಿಸುತ್ತಲೇ ತಿರುಗಿದ್ದನ್ನು ಅವನು ಅದೃಷ್ಟ ಎಂದುಕೊಂಡಿದ್ದ. ವರ್ಷವಿಡೀ ಚೀಲ ಚೀಲ ಎಂದು ಹಟ ಹಿಡಿದವನು ಆ ನಟ್ಟಿನ ಮೇಲೆ ಒಂದು ಹನಿ ಸೋಪುನೀರು ಹಾಕಿ ಗುಳ್ಳೆ ಏಳುತ್ತದೆಯೇ ಎಂದು ನೋಡಿರಲಿಲ್ಲ. ಗಾಳಿ ಹೋಗುತ್ತಿದ್ದದ್ದು ಅಲ್ಲಿಂದಲೇ. ಸಾಹುಕಾರರ ಹೆಣ ಕೆಳಗಿರುವಾಗ, ಉಳಿದ ಮೂರು ಬೆರಳಿನಲ್ಲಿ, ಅವನು ಕಾರನ್ನು ರಿಪೇರಿ ಮಾಡಿ ಮುಗಿಸಿದ್ದ.