ನುಚ್ಚಿನಲ್ಲಿ ಇಡೀ ಕಾಳು

ಹುಲಿಗೆಮ್ಮನ ಹೃದಯ ಕಾರಟಗಿಯಿಂದ ನಗರದ ಹೃದ್ರೋಗ ಕೇಂದ್ರ ತಲುಪಲು ನಾಲ್ಕು ಸೆಕೆಂಡು ಸಾಕಾಯಿತು. ಅವಳ ಎದೆಯ ಮೇಲೆ ಸ್ಕ್ಯಾನಿಂಗ್ ಪ್ರೋಬ್ ಒತ್ತಿ ಹಿಡಿದಿದ್ದ ತಂತ್ರಜ್ಞೆ ರೋಹಿಣಿ ಬಡಿಗೇರ, ಪರದೆಯ ಮೂಲೆಯಲ್ಲಿ ಹಸಿರು ದೀಪ ಹೊತ್ತಿಕೊಂಡದ್ದನ್ನು ನೋಡಿದಳು. ಚಿತ್ರ ತಲುಪಿದೆ ಎಂದರ್ಥ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

ಎರಡು ವರ್ಷದ ಹಿಂದೆ, ಚಿತ್ರವನ್ನು ಕುಗ್ಗಿಸಿ ಕಳಿಸುವ ‘ಚಿತ್ರ-ಸಂಕೋಚಕ’ ಬರುವ ಮೊದಲು, ಇದೇ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮಿಡಿಯುವ ಹೃದಯದ ಚಿತ್ರ ಬಲು ಭಾರ. ಊರಿನ ಇಂಟರ್ನೆಟ್ ಸಂಪರ್ಕವೋ ಬಡಕಲು. ಲಕ್ಷಾಂತರ ಹೃದಯಗಳನ್ನು ನೋಡಿ ಕಲಿತಿದ್ದ ಸಂಕೋಚಕ, ಮುಂದಿನ ಮಿಡಿತ ಹೀಗೇ ಇರುತ್ತದೆ ಎಂದು ಊಹಿಸಿ, ಊಹೆಗೆ ಹೊಂದಿದ್ದನ್ನು ಕೆಲವೇ ಸಂಕೇತಗಳಲ್ಲಿ ಕಳಿಸುತ್ತಿತ್ತು. ಆ ತುದಿಯ ಯಂತ್ರ ಅದರಿಂದಲೇ ಹೃದಯವನ್ನು ಮತ್ತೆ ಬಿಡಿಸಿಕೊಳ್ಳುತ್ತಿತ್ತು. ಊಹೆಗೆ ಹೊಂದದ ಚೂರುಪಾರೆಲ್ಲ ಬೇಡದ ಗದ್ದಲವೆಂದು ‘ಉಳಿಕೆ-ಕೋಶ’ಕ್ಕೆ ಬೀಳುತ್ತಿತ್ತು, ರೋಗಿಯ ಕಡತ ಮುಚ್ಚಿದೊಡನೆ ಅಳಿಸಿಹೋಗುತ್ತಿತ್ತು. ಚಿತ್ರ ಇಷ್ಟು ಶುಭ್ರವಾಗಿ ಎಂದೂ ಬಂದಿರಲಿಲ್ಲವೆಂದು ವೈದ್ಯರು ಹೊಗಳುತ್ತಿದ್ದರು.

ಆದರೆ ರೋಹಿಣಿ ಈಗಷ್ಟೇ ಮೂರು ಸಲ ಬೇರೇನೋ ನೋಡಿದ್ದಳು. ನೇರ ಪರದೆಯಲ್ಲಿ, ಎಡಗಡೆಯ ಕವಾಟದ ಅಂಚಿನಲ್ಲಿ, ಕಡಲೆಗಿಂತ ಚಿಕ್ಕದಾದ ಬಿಳಿ ಚುಕ್ಕೆಯೊಂದು ನೂಲಿಗೆ ಕಟ್ಟಿದ ಹಾಗೆ ತೂಗಿ ಮರೆಯಾಗಿತ್ತು. ಕಳಿಸಿದ ಚಿತ್ರವನ್ನು ಮತ್ತೆ ಹಾಕಿ ನೋಡಿದರೆ ಅಲ್ಲಿ ಏನೂ ಇಲ್ಲ. ಕವಾಟ ಪಠ್ಯಪುಸ್ತಕದಲ್ಲಿದ್ದಂತೆ ತೆರೆದು ಮುಚ್ಚುತ್ತಿತ್ತು.

“ಎಲ್ಲ ಸರಿ ಇದೆ,” ಎಂದಿತು ಸ್ಪೀಕರಿನಲ್ಲಿ ಡಾ. ಫಣೀಂದ್ರರ ಧ್ವನಿ. ಕೇಂದ್ರದಲ್ಲಿ ಚಿತ್ರ ಓದುವವರು ಅವರೇ. ಸಂಕೋಚಕವನ್ನು ರೂಪಿಸಿದ ತಂಡದಲ್ಲೂ ಇದ್ದವರು. “ಕೈ ಮರಗಟ್ಟಿದ್ದು ಹತ್ತೇ ನಿಮಿಷ ಅಲ್ವಾ? ಮನೆಗೆ ಕಳಿಸಿ.”

“ಮಾತೂ ತೊದಲಿತ್ತಂತೆ ಸರ್. ಕವಾಟದ ಹತ್ತಿರ ನನಗೆ ಏನೋ ಕಾಣಿಸ್ತು.”

“ನನಗೆ ಕಾಣ್ತಾ ಇಲ್ವಲ್ಲ.”

“ಲೈವ್‌ನಲ್ಲಿ ಇತ್ತು.”

“ರೋಹಿಣಿಯವರೇ, ಈ ತಿಂಗಳಲ್ಲಿ ಇದು ನಿಮ್ಮ ಎಷ್ಟನೇ ಅನುಮಾನ? ಐದು ನಿಮಿಷ ಕೊಡ್ತೀನಿ. ಆಮೇಲೆ ಫೈಲ್ ಮುಚ್ತೀನಿ.”

ಆರನೆಯದು. ಹಿಂದಿನ ಐದೂ ಸುಳ್ಳಾಗಿದ್ದವು. ರೋಹಿಣಿ ಪ್ರೋಬನ್ನು ಓರೆ ಮಾಡಿದಳು, ಮೇಲಕ್ಕೆ ಸರಿಸಿದಳು, ಉಸಿರು ಹಿಡಿಯಲು ಹೇಳಿದಳು. ಚುಕ್ಕೆ ಮತ್ತೆ ಕಾಣಲಿಲ್ಲ. ಅದು ನಿಜವಾದ ಗಡ್ಡೆಯೇ ಆಗಿದ್ದು, ಅದರ ಒಂದು ಚೂರು ಕಳಚಿ ಮಿದುಳಿಗೆ ಹೋದರೆ, ಹತ್ತು ನಿಮಿಷದ ಮರಗಟ್ಟುವಿಕೆ ಜೀವಮಾನದ ಲಕ್ವವಾಗುತ್ತದೆ. ನಿಜವಲ್ಲದಿದ್ದರೆ ನಾಳೆಯಿಂದ ತನ್ನ ಮಾತನ್ನು ಯಾರೂ ಕೇಳುವುದಿಲ್ಲ.

“ಏನಂದ್ರು ರೀ ಸಾಹೇಬ್ರು?” ಹುಲಿಗೆಮ್ಮ ಮಲಗಿದಲ್ಲಿಂದಲೇ ಕೇಳಿದಳು. ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಜರಡಿ ಕಾಯ್ದವಳು ಅವಳು.

“ಏನೂ ಇಲ್ಲ ಅಂದ್ರವ್ವಾ. ಈ ಮಷಿನ್ನು ಬ್ಯಾಡಾದ್ದೆಲ್ಲ ಸೋಸಿ ಚೊಕ್ಕ ಚಿತ್ರ ಕಳಸ್ತೈತಿ.”

“ಜರಡಿ ಅನ್ರಿ. ಹಂಗಾರ ನುಚ್ಚು ನೋಡಿದ್ರೇನು?”

“ಯಾವ ನುಚ್ಚು?”

“ಸೋಸಿದ್ದು ಎಲ್ಲೆರ ಬಿದ್ದಿರಬೇಕಲ್ರೀ. ನಾವು ಅಕ್ಕಿ ನೋಡಂಗಿಲ್ಲ, ಅದು ಯಾವಾಗ್ಲೂ ಚಂದಾನ ಕಾಣ್ತೈತಿ. ತಾಸಿಗೊಮ್ಮೆ ನುಚ್ಚಿಗೆ ಕೈ ಹಾಕ್ತೀವಿ. ನುಚ್ಚಿನ್ಯಾಗ ಇಡೀ ಕಾಳು ಸಿಕ್ತಂದ್ರ ಜರಡಿ ಹರದೈತಿ ಅಂತ. ಇಷ್ಟು ಓದೀರಿ, ಇದನ್ಯಾರೂ ಕಲಸಿಲ್ಲೇನು?”

ರೋಹಿಣಿಯ ಕೈ ನಿಂತಿತು. ಉಳಿಕೆ-ಕೋಶವನ್ನು ತೆರೆಯುವ ದಾರಿ ದುರಸ್ತಿಯವರಿಗೆ ಮೀಸಲು. ತರಬೇತಿಯಲ್ಲಿ ಒಮ್ಮೆ ತೋರಿಸಿ, ಮುಟ್ಟಬೇಡಿ ಎಂದಿದ್ದರು. ಅವಳು ಮುಟ್ಟಿದಳು.

“ಸರ್, ಫೈಲ್ ಮುಚ್ಚಬೇಡಿ. ಉಳಿಕೆ ಕಳಿಸ್ತಿದ್ದೀನಿ.”

“ಅದರಲ್ಲೇನಿರುತ್ತೆ? ಬರೀ ಕಸ.”

“ಕಸಾನೇ ನೋಡಿ ಸರ್.”

ಪರದೆ ಕಪ್ಪಾಯಿತು. ಅದರಲ್ಲಿ ಹೃದಯವೇ ಇರಲಿಲ್ಲ. ಧೂಳಿನಂಥ ಕಣಗಳು ಮಾತ್ರ ಮಿನುಗುತ್ತಿದ್ದವು. ಆ ಧೂಳಿನ ನಡುವೆ, ತನ್ನ ನೂಲು ಸಮೇತ, ಬಿಳಿ ಚುಕ್ಕೆಯೊಂದು ನಿಧಾನವಾಗಿ ಆಚೆಯಿಂದ ಈಚೆಗೆ ತೂಗಿತು.

ಸ್ಪೀಕರಿನಲ್ಲಿ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. “ಆಕೆಯನ್ನ ಏಳೋಕೆ ಬಿಡಬೇಡಿ,” ಎಂದರು ಫಣೀಂದ್ರ. “ಆಂಬುಲೆನ್ಸ್ ಕಳಿಸ್ತೀನಿ.”

ಮೂರನೆಯ ದಿನ ಶಸ್ತ್ರಚಿಕಿತ್ಸೆಯಾಯಿತು, ಗಡ್ಡೆ ಹೊರಬಂತು. ಫಣೀಂದ್ರರ ತಂಡ ಸುಮ್ಮನೆ ಕೂರಲಿಲ್ಲ. ಒಮ್ಮೆ ಕಂಡ ವಿಶೇಷವನ್ನು ಸಂಕೋಚಕ ಇನ್ನೆಂದೂ ಎಸೆಯಬಾರದು ಎಂದು, ಪ್ರತಿ ರೋಗಿಯ ಹಿಂದಿನ ಸಲದ ಚಿತ್ರವನ್ನೇ, ಉಳಿಕೆ ಸಮೇತ, ಮುಂದಿನ ಊಹೆಗೆ ಆಧಾರವಾಗಿಸಿದರು.

ನಾಲ್ಕು ತಿಂಗಳ ನಂತರ ಹುಲಿಗೆಮ್ಮ ತಪಾಸಣೆಗೆ ಬಂದಳು. ನೇರ ಪರದೆಯಲ್ಲಿ ಕವಾಟ ನಿರ್ಮಲವಾಗಿತ್ತು. ಹಸಿರು ದೀಪ ಹೊತ್ತಿತು.

“ಮತ್ತೆ ಬೆಳೆದಿದೆ,” ಎಂದರು ಫಣೀಂದ್ರ. ಧ್ವನಿ ಕುಗ್ಗಿತ್ತು. “ಅದೇ ಜಾಗ, ಅದೇ ಅಳತೆ. ಇವತ್ತೇ ಕಳಿಸಿ. ಇನ್ನೊಂದು ಸಲ ಎದೆ ತೆರೀಬೇಕಾಗುತ್ತೆ.”

ರೋಹಿಣಿ ನೇರ ಪರದೆಗೆ ಮರಳಿದಳು. ಪ್ರೋಬನ್ನು ಎಲ್ಲ ಕೋನಗಳಲ್ಲೂ ಹಿಡಿದಳು. ಏನೂ ಇಲ್ಲ. ಕಳಿಸಿದ ಚಿತ್ರವನ್ನು ಮತ್ತೆ ಹಾಕಿದಳು; ಅಲ್ಲಿ ಗಡ್ಡೆ ಆರಾಮವಾಗಿ ತೂಗುತ್ತಿತ್ತು. ಉಳಿಕೆಯನ್ನು ತೆರೆದಳು. ಅಲ್ಲೂ ಅದೇ ಚುಕ್ಕೆ, ಆದರೆ ಈ ಸಲ ಕಪ್ಪಗೆ, ಮಿನುಗುವ ಧೂಳಿನ ನಡುವೆ ಕತ್ತರಿಸಿ ತೆಗೆದ ತೂತಿನಂತೆ. ಯಂತ್ರ ಹಳೆಯ ಹೃದಯವನ್ನು ನೆನೆದು ಬಿಡಿಸಿತ್ತು. ಗಡ್ಡೆ ಇಲ್ಲವೆಂಬ ನಿಜವನ್ನು ಗದ್ದಲವೆಂದು ಎಸೆದಿತ್ತು.

ಅವಳು ವಿವರಿಸಿದಳು. ಫಣೀಂದ್ರ ಉಳಿಕೆಯನ್ನೂ ತರಿಸಿಕೊಂಡು ನೋಡಿದರು.

“ರೋಹಿಣಿಯವರೇ, ನಿಮ್ಮ ಕಣ್ಣಿಗೆ ಏನು ಕಾಣ್ತಿದೆ?” ಎಂದರು ಕೊನೆಗೆ. “ನೀವು ಹೇಳಿದ್ದನ್ನೇ ಬರೀತೀನಿ.”

ಎರಡು ವರ್ಷದಲ್ಲಿ ಅವರು ಹೀಗೆ ಕೇಳಿದ್ದು ಇದೇ ಮೊದಲು. ಅನುಮಾನ ಪಡುವುದು ಅವಳಿಗೆ ರೂಢಿಯಾಗಿತ್ತು. ಖಚಿತವಾಗಿ ಹೇಳುವುದು ಇನ್ನೂ ದೊಡ್ಡ ಭಯ. ಅವಳು ಮತ್ತೆ ನಲವತ್ತು ಮಿಡಿತ ಎಣಿಸಿ ನೋಡಿದಳು.

“ಏನೂ ಇಲ್ಲ ಸರ್. ಕವಾಟ ಚೊಕ್ಕ ಇದೆ.”

“ಸರಿ,” ಎಂದು ಅವರು ಬರೆದುಕೊಂಡರು.

“ಮತ್ತೇನಾತ್ರೀ?” ಹುಲಿಗೆಮ್ಮ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ನಿಮ್ಮ ಗಡ್ಡಿ ಈ ಮಷಿನ್ನಿಗೆ ಇನ್ನೂ ನೆನಪೈತವ್ವಾ.”

ಹುಲಿಗೆಮ್ಮ ಯಂತ್ರದ ಕಡೆ ಒಮ್ಮೆ ನೋಡಿ, ಚಪ್ಪಲಿ ಹುಡುಕಿದಳು. “ಕೊಯ್ಸಿಕೊಂಡ ನನಗ ಮರ್ತೈತಿ,” ಎಂದಳು. “ಅದಕ್ಕೂ ಒಂದೀಟು ಕೊಯ್ದು ಕಳಸ್ರಿ.”